ಮೇಲಿನ ಕೋರ್ಟಿನಲ್ಲಿ ಆಣೆಗೆ ಕರೆದ ದಿನ

ಮೇಲ್ಮನವಿ ಕೋರ್ಟಿಗೆ ದುಭಾಷಿಯಾಗಿ ಸೇರುವ ಹೊಸ ಮಕ್ಕಳಿಗೆ ನಾನು ಹೇಳುವ ಮೊದಲ ಮಾತು ಹೊಟ್ಟೆಯದ್ದು. ಬೆಳಿಗ್ಗೆ ಏನಾದರೂ ತಿಂದು ಹೋಗಿ. ಎರಡು ಇಡ್ಲಿಯಾದರೂ ಸಾಕು. ಖಾಲಿ ಹೊಟ್ಟೆಯಲ್ಲಿ ಮೂವರು ನ್ಯಾಯಾಧೀಶರ ಎದುರು ನಿಂತರೆ, ಚಿಕ್ಕಂದಿನಿಂದ ಗೊತ್ತಿರುವ ಶಬ್ದವೂ ಬಾಯಿಗೆ ಬರುವುದಿಲ್ಲ. ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮೊದಲ ದಿನ ಸೋಮವಾರವೆಂದು ಉಪವಾಸ ಹಿಡಿದು ಹೋಗಿದ್ದೆ. ಮುಂದಿದ್ದ ಮರದ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ದೇವರ ದಯೆ, ಆ ದಿನ ನಮ್ಮ ಕೇಸನ್ನು ಮುಂದೂಡಿದರು.

ನಾನು ದೊಡ್ಡ ಓದು ಓದಿದವಳಲ್ಲ. ಮದುವೆಯಾಗಿ ಬಹ್ರೈನಿಗೆ ಬಂದೆ. ಯಜಮಾನರಿಗೆ ಸಿತ್ರಾದ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಮನೆ ಸನದ್‌ನಲ್ಲಿ. ಪಕ್ಕದ ಮನೆಯ ಉಮ್ ಯೂಸುಫ್ ಎಂಬ ಹೆಂಗಸಿನ ಅಡುಗೆಮನೆಯಲ್ಲಿ ಕೂತು ಅರಬಿ ಮಾತು ಕಲಿತೆ. ಓದು ಬರಹವನ್ನು ಮಕ್ಕಳು ಶಾಲೆಗೆ ಹೋದ ಮೇಲೆ ತರಗತಿಗೆ ಸೇರಿ ಕಲಿತೆ. ಕನ್ನಡ, ತುಳು, ಕೊಂಕಣಿ, ಹಿಂದಿ ಮೊದಲೇ ಇತ್ತು. ಯಾರದೋ ಮೂಲಕ ಸುದ್ದಿ ಹೋಗಿ, ಒಂದು ಅನುವಾದದ ಕಚೇರಿಯವರು ಫೋನು ಮಾಡಿದರು. ಹಾಗೆ ಶುರುವಾದ ಕೆಲಸ. ಕೋರ್ಟಿಗೆ ಹೋಗುತ್ತಿದ್ದ ಕಾಲದಲ್ಲೂ ನಾನು ಗೃಹಿಣಿಯೇ. ಸಾರಿಗೆ ಒಗ್ಗರಣೆ ಹಾಕಿಟ್ಟು ಹೋಗಿ, ಬಂದು ಅನ್ನಕ್ಕೆ ಇಡುತ್ತಿದ್ದೆ. ಈಗ ಮಂಡಿ ನೋವು ಜೋರಾಗಿ ಕೆಲಸ ಬಿಟ್ಟಿದ್ದೇನೆ.

ಕೆಳಗಿನ ಕೋರ್ಟಿಗೂ ಮೇಲಿನ ಕೋರ್ಟಿಗೂ ಬಹಳ ವ್ಯತ್ಯಾಸ. ಕೆಳಗೆ ಜನ ಅಳುತ್ತಾರೆ, ಕೂಗುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನೀವು ಒಂದು ಮಾತು ತಪ್ಪಿದರೆ ಮುಂದಿನ ಮಾತಿನಲ್ಲಿ ಸರಿ ಮಾಡಿಕೊಳ್ಳಬಹುದು. ಮೇಲೆ ಎಲ್ಲವೂ ಕಾಗದದಲ್ಲಿ ನಡೆಯುತ್ತದೆ. ವಕೀಲರು ಬರೆದು ಕೊಟ್ಟದ್ದನ್ನು ಮೂವರೂ ಓದಿಕೊಂಡೇ ಬಂದಿರುತ್ತಾರೆ. ಕಕ್ಷಿಗಾರನನ್ನು ಎಬ್ಬಿಸಿ ಕೇಳುವುದು ಅಪರೂಪ. ಹಾಗಾಗಿ ಕೇಳಿದಾಗ ಅವನು ಹೇಳುವ ಒಂದೇ ವಾಕ್ಯಕ್ಕೆ ತುಂಬಾ ತೂಕ. ಆ ವಾಕ್ಯವನ್ನು ಹೊತ್ತು ದಾಟಿಸುವವಳು ನಾನು. ಈ ಯೋಚನೆಯಲ್ಲೇ ಎಷ್ಟೋ ದಿನ ದಾರಿಯುದ್ದಕ್ಕೂ ವಿಷ್ಣು ಸಹಸ್ರನಾಮ ಹೇಳಿಕೊಂಡು ಹೋಗಿದ್ದೇನೆ.

ನಾನು ಹೆಚ್ಚು ಕಾಲ ನಿಂತ ಪೀಠದ ಹಿರಿಯ ನ್ಯಾಯಾಧೀಶರು ಮುಹರಕ್ ಕಡೆಯವರು. ಎತ್ತರದ ಆಳು, ಕುತ್ತಿಗೆ ಸ್ವಲ್ಪ ಬಾಗಿತ್ತು. ಮಾತು ಕೇಳುವಾಗ ಕಣ್ಣು ಮುಚ್ಚಿಕೊಳ್ಳುವುದು ಅವರ ಅಭ್ಯಾಸ. ಅವರ ಬಲಕ್ಕೆ ಕೂರುವವರು ಕಡತದಿಂದ ತಲೆ ಎತ್ತುತ್ತಿರಲಿಲ್ಲ. ಎಡಕ್ಕೆ ಇದ್ದ ಕಿರಿಯರು ಒಂದಾದ ಮೇಲೆ ಒಂದು ಪ್ರಶ್ನೆ ಕೇಳುತ್ತಿದ್ದರು. ಶುರುವಿನ ದಿನಗಳಲ್ಲಿ ಹಿರಿಯರಿಗೆ ನಿದ್ದೆ ಬಂದಿದೆ ಎಂದುಕೊಂಡು ನಾನು ಸ್ವರ ಏರಿಸಿದೆ. ಅವರು ಕಣ್ಣು ತೆರೆಯದೆ ಹೇಳಿದರು:

"ಉಸ್ತಾಝಾ, ನನಗೆ ವಯಸ್ಸಾಗಿದೆ, ಕಿವುಡು ಬಂದಿಲ್ಲ."

ಉಸ್ತಾಝಾ ಎಂದರೆ ಮೇಡಂ ಎಂದ ಹಾಗೆ. ಕೋರ್ಟಿನಲ್ಲಿದ್ದ ವಕೀಲರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾಯಿತು.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು ದಿನ ತಿಂದೆ. ಕಾರ್ಕಳ ಕಡೆಯ ಒಬ್ಬ ಡ್ರೈವರ್, ಪಾಪದವ, ಎರಡು ಮಾತು ಹೇಳಿ ಸುಮ್ಮನಾದ. ಅವನ ಮುಖ ನೋಡಿ ನನಗೆ ತಡೆಯಲಿಲ್ಲ. ಅವನು ಹೇಳಬೇಕಿತ್ತು ಎಂದು ನನಗೆ ಅನಿಸಿದ್ದನ್ನೂ ಸೇರಿಸಿ ಅರಬಿಯಲ್ಲಿ ಹೇಳಿದೆ. ಹಿರಿಯರು ಕಣ್ಣು ತೆರೆದರು.

"ಅವನು ಇಷ್ಟೇ ಹೇಳಿದ. ನಿಮ್ಮ ಭಾಷೆಯಿಂದ ನಮ್ಮ ಭಾಷೆಗೆ ಬರುವಾಗ ಮಾತು ಹೀಗೆ ಉಬ್ಬುತ್ತದೆಯೇ?"

"ಇಲ್ಲ."

"ಹಾಗಾದರೆ ಉಳಿದದ್ದು ಯಾರ ಮಾತು?"

ನಾನು ತಲೆ ತಗ್ಗಿಸಿದೆ. ಆ ಸಂಜೆ ನಮ್ಮಲ್ಲಿ ಎಲ್ಲರಿಗಿಂತ ಹಳಬರಾದ ಹೈದರಾಬಾದಿನ ದುಭಾಷಿಯೊಬ್ಬರು, ನಾವು ಮಾಸ್ಟರ್ ಎನ್ನುತ್ತಿದ್ದವರು, ಕಾರಿಡಾರಿನಲ್ಲಿ ಸಿಕ್ಕಿ ಸಮಾಧಾನ ಮಾಡಿದರು. "ಬೆಹೆನ್‌ಜಿ, ನೀವು ಅವನಿಗೆ ವಕೀಲೆಯಲ್ಲ, ಅಕ್ಕನೂ ಅಲ್ಲ. ಅವನ ನಾಲಿಗೆ ಅಷ್ಟೇ. ನಾಲಿಗೆಗೆ ಕರುಣೆ ಬಂದರೆ ಆಳು ಹೋದ." ಆ ಮಾತನ್ನು ನಾನು ಕೊನೆಯವರೆಗೂ ಬಿಡಲಿಲ್ಲ. ಅದನ್ನು ಹಿಡಿದುಕೊಳ್ಳುವುದು ಎಷ್ಟು ಕಷ್ಟ ಎನ್ನುವುದನ್ನೇ ಮುಂದೆ ಹೇಳುತ್ತಿದ್ದೇನೆ.

ಕೊರೋನಾ ಕಾಯಿಲೆಯ ಕಾಲದಲ್ಲಿ ಕೆಲಸದ ರೀತಿಯೇ ಬದಲಾಯಿತು. ಕೋರ್ಟು ಕಂಪ್ಯೂಟರಿನೊಳಗೆ ಬಂತು. ನಾನು ಊಟದ ಮೇಜಿನ ಮುಂದೆ ಕೂತು, ಹಿಂದಿನ ದೇವರ ಕಪಾಟಿಗೆ ಪರದೆ ಎಳೆದು ಮಾತಾಡುತ್ತಿದ್ದೆ. ಒಂದು ಸಲ ಮುಖ್ಯವಾದ ವಾಕ್ಯದ ಮಧ್ಯದಲ್ಲಿ ಕುಕ್ಕರ್ ಕೂಗಿತು. ಯಜಮಾನರು ಒಲೆ ಆರಿಸಲು ಓಡಿದರು. ಕಂಪ್ಯೂಟರಿನಲ್ಲಿ ಹಿರಿಯರು ಬೆಚ್ಚಿಬಿದ್ದು, "ಎಲ್ಲರೂ ಕ್ಷೇಮವೇ?" ಎಂದರು. ಬೇಳೆ ಬೇಯುತ್ತಿದೆ ಎಂದೆ. "ಅಲ್‌ಹಮ್ದುಲಿಲ್ಲಾ," ಎಂದು ಮುಂದುವರಿಸಿದರು. ಆ ದಿನ ನಾನು ದೇವರಿಗೆ ಹೇಳಿದ ಕೃತಜ್ಞತೆಯಲ್ಲಿ ಅದೂ ಒಂದು, ಅವರು ಗದರಲಿಲ್ಲ.

ಆಮೇಲೆ ಕಾಯಿಲೆ ಹೋದರೂ ಕಂಪ್ಯೂಟರ್ ಉಳಿಯಿತು. ಆದರೆ ಒಂದು ವಿಷಯಕ್ಕೆ ಮಾತ್ರ ನಮ್ಮ ಹಿರಿಯರು ಜನರನ್ನು ಖುದ್ದಾಗಿ ಕರೆಸುತ್ತಿದ್ದರು. ಅದು ಯಮೀನ್, ಎಂದರೆ ಆಣೆ.

ಹೊಸಬರು ಇದನ್ನು ತಿಳಿದಿರಬೇಕು. ದಾವೆ ಹೂಡಿದವನ ಹತ್ತಿರ ಸಾಕ್ಷಿ ಇಲ್ಲ, ಕಾಗದ ಇಲ್ಲ ಎಂದಿಟ್ಟುಕೊಳ್ಳಿ. ಆಗ ಅವನು ಎದುರಾಳಿಯನ್ನು ಆಣೆಗೆ ಕರೆಯಬಹುದು. ಎದುರಾಳಿ ದೇವರ ಹೆಸರಿನಲ್ಲಿ ಆಣೆ ಇಟ್ಟರೆ ಅವನೇ ಗೆದ್ದ. ಇಡುವುದಿಲ್ಲ ಎಂದರೆ ಸೋತ. ಅಥವಾ 'ನೀನೇ ಇಡು' ಎಂದು ಕರೆದವನಿಗೇ ತಿರುಗಿಸಬಹುದು. ಅಲ್ಲಿಗೆ ಕೇಸು ಮುಗಿಯಿತು, ಮತ್ತೆ ಮಾತಿಲ್ಲ. ಅರಬರಿಗೆ ಇದು ಹಳೆಯ ದಾರಿ. ಹೆಚ್ಚಿನವರು ಬಂದು, ಆಣೆ ಇಟ್ಟು, ಹೊರಗೆ ಹೋಗಿ ಚಹಾ ಕುಡಿಯುತ್ತಾರೆ.

ನಾನು ಹೇಳಹೊರಟ ದಿನ ಆಣೆಗೆ ಬಂದವನು ನಾಗೇಶ. ಕಾಪು ಹತ್ತಿರದ ಹುಡುಗ, ಸಲ್ಮಾಬಾದ್‌ನ ಒಂದು ಗ್ಯಾರೇಜಿನಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ಕೆಲಸ ಮಾಡುತ್ತಿದ್ದವನು. ಗ್ಯಾರೇಜಿನ ಮಾಲೀಕ ಸದಾನಂದಣ್ಣನೂ ಅದೇ ಕಡೆಯವರು. ನಾಗೇಶನನ್ನು ಇಲ್ಲಿಗೆ ಕರೆಸಿದವರೇ ಅವರು. ಸಾಲದ್ದಕ್ಕೆ ನೆಂಟಸ್ತನ: ನಾಗೇಶನ ತಂಗಿ ವನಿತಾಳನ್ನು ಸದಾನಂದಣ್ಣನ ತಮ್ಮನಿಗೆ ಕೊಟ್ಟಿತ್ತು. ನಾಗೇಶ ಕೆಲಸ ಬಿಟ್ಟು ಬೇರೆ ಕಡೆ ಸೇರಿದಾಗ, ಅವನು ಸೈಟಿನ ಕೆಲಸಕ್ಕೆ ಒಯ್ದಿದ್ದ ಗ್ಯಾರೇಜಿನ ದೊಡ್ಡ ಕಂಪ್ರೆಸರ್ ವಾಪಸು ಬಂದಿಲ್ಲ ಎಂದು ಸದಾನಂದಣ್ಣ ದಾವೆ ಹಾಕಿದ್ದರು. ಸೈಟಿನಿಂದ ತಂದು ಗ್ಯಾರೇಜಿನ ಬಾಗಿಲಲ್ಲೇ ಇಳಿಸಿದ್ದೇನೆ ಎಂದು ನಾಗೇಶನ ವಾದ. ನಮ್ಮವರೊಳಗೆ ಕೊಟ್ಟದ್ದಕ್ಕೆ ತೆಗೆದುಕೊಂಡದ್ದಕ್ಕೆ ಸಹಿ ಕೇಳುವ ಪದ್ಧತಿ ಇಲ್ಲವಲ್ಲ. ಕೇಳಿದರೆ ಮರ್ಯಾದೆ ಹೋದ ಹಾಗೆ. ಸಾಕ್ಷಿ ಇಲ್ಲವೆಂದು ಕೆಳಗಿನ ಕೋರ್ಟು ದಾವೆಯನ್ನು ತಳ್ಳಿಹಾಕಿತ್ತು. ಸದಾನಂದಣ್ಣ ಮೇಲೆ ಬಂದಿದ್ದರು. ಕೇಸು ಮುಗಿಯುವವರೆಗೆ ನಾಗೇಶ ದೇಶ ಬಿಟ್ಟು ಹೋಗುವ ಹಾಗಿರಲಿಲ್ಲ.

ಸದಾನಂದಣ್ಣನ ವಕೀಲರು ಎದ್ದು, ಬೇರೆ ಸಾಕ್ಷಿ ಇಲ್ಲ, ಎದುರಾಳಿಯನ್ನು ಆಣೆಗೆ ಕರೆಯುತ್ತೇವೆ ಎಂದರು. ಹಿರಿಯರು ಆಣೆಯ ವಾಕ್ಯವನ್ನು ಓದಿದರು: ಆ ಯಂತ್ರವನ್ನು ನಾನು ಮಾಲೀಕನಿಗೆ ಮರಳಿಸಿದ್ದೇನೆ. ಅವರವರ ದೇವರ ಹೆಸರಿನಲ್ಲಿ ಹೇಳಬಹುದು ಎಂದೂ ಸೇರಿಸಿದರು. ನಾನು ಅದನ್ನು ತುಳುವಿನಲ್ಲಿ ನಾಗೇಶನಿಗೆ ಹೇಳಿದೆ.

ಅವನ ಮುಖದ ಬಣ್ಣವೇ ಹೋಯಿತು. ಮರಳಿಸಿದವನಾದರೆ ಹೇಳಲು ಕಷ್ಟವೇನು ಎಂದು ಯಾರಿಗಾದರೂ ಅನಿಸಬೇಕು. ಕಿರಿಯ ನ್ಯಾಯಾಧೀಶರಿಗೆ ಹಾಗೆ ಅನಿಸಿದ್ದು ಅವರ ಹುಬ್ಬಿನಲ್ಲೇ ಕಂಡಿತು. ನಾಗೇಶ ನನ್ನ ಕಡೆ ತಿರುಗಿ, "ಎನ್ನಡ ಆಪುಜಿ ಅಕ್ಕ," ಎಂದ. ನನ್ನಿಂದ ಆಗುವುದಿಲ್ಲ ಅಕ್ಕ, ಎಂದರ್ಥ.

ಅವನಿಗೆ ಯಾಕೆ ಆಗುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ನಮ್ಮ ಕಡೆಯವರಿಗೆಲ್ಲ ಗೊತ್ತು. ಆದರೆ ಕೇಳದೆ ಅದನ್ನು ಹೇಳಿದರೆ ಅದು ನನ್ನ ಮಾತಾಗುತ್ತದೆ. ಅವನು ಹೇಳಿದ್ದನ್ನಷ್ಟೇ ಹೇಳಿದರೆ, ಆಣೆಗೆ ಒಪ್ಪಲಿಲ್ಲ ಎಂದು ಬರೆದುಕೊಳ್ಳುತ್ತಾರೆ, ಅವನು ಸೋಲುತ್ತಾನೆ. ಕೃಷ್ಣಾ ಎಂದುಕೊಂಡೆ. ಮಾಸ್ಟರ್ ಹೇಳಿದಂತೆ ನಾಲಿಗೆಯಾಗಿ ನಿಂತು, "ನನ್ನಿಂದ ಆಗುವುದಿಲ್ಲ ಎನ್ನುತ್ತಾನೆ," ಎಂದೆ. ಗುಮಾಸ್ತನ ಬೆರಳು ಕೀಲಿಮಣೆಯ ಮೇಲೆ ಓಡಿತು.

ಹಿರಿಯರು ಕೈ ಎತ್ತಿ ಅವನನ್ನು ನಿಲ್ಲಿಸಿದರು. ಕಣ್ಣು ತೆರೆದಿದ್ದರು.

"ಯಾಕೆ ಆಗುವುದಿಲ್ಲ, ಕೇಳಿ."

ಅಪ್ಪಣೆ ಸಿಕ್ಕಿತಲ್ಲ ಎಂದು ಕೂಡಲೇ ಕೇಳಿದೆ. ನಾಗೇಶ ತಲೆ ತಗ್ಗಿಸಿ, ತಡೆದು ತಡೆದು ಹೇಳಿದ:

"ಕೊಟ್ಟದ್ದು ಸತ್ಯವೇ. ಆದ್ರೆ ನಾನು ಆಣೆ ಇಟ್ರೆ ವಿಷಯ ಊರಿನ ದೈವದ ಕೈಗೆ ಹೋಗ್ತದೆ. ಮತ್ತೆ ಅವರ ಮನೆಗೂ ನಮ್ಮ ಮನೆಗೂ ಅನ್ನ ನೀರು ಇಲ್ಲ. ಇಬ್ರೂ ಒಟ್ಟಿಗೆ ಊರಿಗೆ ಹೋಗಿ ದೈವಕ್ಕೆ ಕೈ ಮುಗಿದು ಆಣೆ ಬಿಡಿಸುವವರೆಗೆ ಅವರ ಮನೆಯವರು ನಮ್ಮಲ್ಲಿ ಒಂದು ಲೋಟ ನೀರು ಮುಟ್ಲಿಕ್ಕಿಲ್ಲ. ನನ್ನ ತಂಗಿ ಅವರ ಮನೆಯವಳು. ಅವಳಿಗೆ ಏಳು ತಿಂಗಳು. ಚೊಚ್ಚಲ. ಬಾಣಂತನಕ್ಕೆ ಬರಬೇಕಾದ್ದು ನಮ್ಮ ಮನೆಗೆ. ನೀರು ಮುಟ್ಲಿಕ್ಕಾಗದ ಮನೆಗೆ ಅವಳು ಹೇಗೆ ಬರುದು ಅಕ್ಕ?"

ಒಂದೊಂದೇ ವಾಕ್ಯವನ್ನು ಅರಬಿಗೆ ತಂದೆ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. ಹೇಳುತ್ತಿದ್ದಂತೆ ಹೆದರಿಕೆ ಹೆಚ್ಚಾಯಿತು. ಇವರಿಗೆ ಇದು ಹುಚ್ಚು ಮಾತಿನಂತೆ ಕೇಳಿಸಿದರೆ? ಕಡತ ಓದುತ್ತಿದ್ದ ಬಲಗಡೆಯವರೂ ತಲೆ ಎತ್ತಿದರು. ಕಿರಿಯರು ಹಿರಿಯರ ಕಡೆ ಬಾಗಿ, "ಇದು ನೆಪವಲ್ಲವೇ?" ಎಂದರು.

ಹಿರಿಯರು ಕಡತವನ್ನು ಬದಿಗೆ ಸರಿಸಿದರು. ಆಮೇಲೆ ಹೇಳಿದರು: "ನನ್ನ ಅಜ್ಜ ಸಮುದ್ರದಲ್ಲಿ ಮುತ್ತು ಹೆಕ್ಕುವ ದೋಣಿಯ ಯಜಮಾನ. ಒಮ್ಮೆ ಅವರನ್ನು ಆಣೆಗೆ ಕರೆದರು. ಸತ್ಯ ಅವರ ಕಡೆಯೇ ಇತ್ತು. ಆದರೂ ದೇವರ ಹೆಸರನ್ನು ಜಗಳಕ್ಕೆ ತರಲು ಹೆದರಿ, ಕೇಳಿದ್ದನ್ನು ಕೊಟ್ಟು ಮನೆಗೆ ಬಂದರು. ಹೆದರುವವರು ಎಲ್ಲ ಕಡೆ ಇದ್ದಾರೆ." ನನಗೆ ಜೀವ ಬಂದ ಹಾಗಾಯಿತು. ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಆದರೆ ಕಾನೂನು ಇವನ ತಂಗಿಯನ್ನು ನೋಡುವುದಿಲ್ಲ. ಆಣೆ ಇಡಬೇಕು, ಇಲ್ಲವೇ ಅವನಿಗೆ ತಿರುಗಿಸಬೇಕು, ಇಲ್ಲವೇ ಸೋಲಬೇಕು. ಹೇಳಿ ಅವನಿಗೆ. ಇನ್ನೊಂದು ಮಾತು: ಇವನು ಆಣೆಗೆ ಒಪ್ಪುವ ಮೊದಲು, ಕರೆದವನು ಬೇಕಿದ್ದರೆ ಕರೆದದ್ದನ್ನು ಹಿಂದೆ ತೆಗೆದುಕೊಳ್ಳಬಹುದು. ಇವತ್ತು ಸ್ವರ ಏರಿಸಿ ಹೇಳಿ, ಉಸ್ತಾಝಾ. ಕೋಣೆಯಲ್ಲಿ ಎಲ್ಲರಿಗೂ ಕೇಳಲಿ."

ನಾನು ತುಳುವಿನಲ್ಲಿ ಗಟ್ಟಿಯಾಗಿ ಹೇಳಿದೆ. ಹಿಂದಿನ ಸಾಲಿನಲ್ಲಿ ಸದಾನಂದಣ್ಣ ಎದ್ದು ನಿಂತದ್ದು ಕುರ್ಚಿ ಕಿರ್ರೆಂದದ್ದರಿಂದ ತಿಳಿಯಿತು. ಹಿರಿಯರು ಪಟ್ಟಿಯ ಕೊನೆಗೆ ಮತ್ತೆ ಕರೆಯುತ್ತೇವೆ ಎಂದು ಮುಂದಿನ ಕೇಸನ್ನು ತೆಗೆದುಕೊಂಡರು.

ಹೊರಗೆ ಕಾರಿಡಾರಿನಲ್ಲಿ ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ. ವಿಚಾರಣೆ ನಡೆಯುತ್ತಿರುವಾಗ ಕಕ್ಷಿಗಾರರ ಹತ್ತಿರ ಮಾತಾಡುವ ಹಾಗಿಲ್ಲ. ಕಿವಿಯನ್ನು ಮಾತ್ರ ಮುಚ್ಚಿಕೊಳ್ಳಲು ಬರುವುದಿಲ್ಲವಲ್ಲ.

"ಎಂತ ಮಾರಾಯ, ನನ್ನ ಎದುರು ಆಣೆ ಇಡುವಷ್ಟು ದೊಡ್ಡ ಜನ ಆದೆಯಾ ನೀನು?" ಸದಾನಂದಣ್ಣನ ಸ್ವರ.

"ಕರೆದದ್ದು ನೀವಲ್ವಾ ಭಾವ?"

"ನಾನಾ? ವಕೀಲರು ಲಾಸ್ಟ್ ಚಾನ್ಸ್ ಉಂಟು, ಸೈನ್ ಹಾಕಿ ಅಂದ್ರು. ಅರಬಿಯಲ್ಲಿ ಬರ್ದದ್ದು ನನಗೆ ಓದ್ಲಿಕ್ಕೆ ಬರ್ತದಾ? ಗ್ಯಾರೇಜಿನಲ್ಲಿ 'ಜೀಬ್, ಶೀಲ್' ಅಂತ ತಾ, ತೆಗಿ ಹೇಳ್ಲಿಕ್ಕೆ ಬರ್ತದೆ ಅಷ್ಟೆ. ಈಗ ಆ ಅಕ್ಕ ತುಳುವಿನಲ್ಲಿ ಹೇಳುವಾಗ ಗೊತ್ತಾದದ್ದು, ಇದು ಆಣೆ ಅಂತ."

"ಹಾಗಾದ್ರೆ ಬೇಡ ಹೇಳಿ."

"ಬೇಡ ಹೇಳಿದ್ರೆ ಕೇಸು ಹೋಗ್ತದೆ ಅಲ್ವಾ? ಕಂಪ್ರೆಸರ್ ಎಲ್ಲುಂಟು ಹಾಗಾದ್ರೆ? ಅದಕ್ಕೆ ಕಾಲು ಬಂತಾ?"

"ಬಾಗಿಲಲ್ಲಿ ಇಳಿಸಿದ್ದೇನೆ ಭಾವ. ಎಷ್ಟು ಸಲ ಹೇಳುದು?"

"ಬಾಗಿಲಲ್ಲಿ ಇಳಿಸಿದ್ರೆ ನನಗೆ ಕಾಣ್ಲಿಲ್ಲ ಯಾಕೆ?"

"ನೀವು ಊರಿಗೆ ಹೋಗಿದ್ರಿ."

"ಹೌದು, ನಾನು ಊರಿಗೆ ಹೋಗುದು ಕಾಯ್ತಾ ಇದ್ದೆ ನೀನು!"

ನಾಗೇಶ ಮೆಲ್ಲಗೆ ಹೇಳಿದ: "ನಾನು ಆಣೆ ಇಡುದಿಲ್ಲ. ನಿಮಗೆ ತಿರುಗಿಸುದೂ ಇಲ್ಲ. ಒಟ್ಟಿಗೆ ಬಿಡಿಸ್ಲಿಕ್ಕೆ ಹೋಗುವಾ ಅಂದ್ರೆ ನಿಮಗೆ ಗ್ಯಾರೇಜು ಬಿಟ್ಟು ಬರ್ಲಿಕ್ಕೆ ಯಾವಾಗ ಆಗ್ತದೋ. ಅಷ್ಟರಲ್ಲಿ ಅವಳಿಗೆ ದಿನ ತುಂಬ್ತದೆ. ಸೋಲ್ತೇನೆ, ಸಾಕು. ಅವಳು ಮನೆಗೆ ಬರ್ಲಿ."

ಸದಾನಂದಣ್ಣನ ಚಪ್ಪಲಿಯ ಸದ್ದು ಆ ತುದಿಗೆ ಹೋಯಿತು, ಈ ತುದಿಗೆ ಬಂತು. ನಾನು ಗೋಡೆಯನ್ನು ನೋಡುತ್ತಲೇ ಇದ್ದೆ. ಒಮ್ಮೆ ತಿರುಗಿ, 'ಅಣ್ಣಾ, ಹಿಂದೆ ತೆಗೆದುಕೊಳ್ಳಿ,' ಎಂದು ಬಿಡಬೇಕು ಅನಿಸಿತು. ಬಾಯಿಯವರೆಗೆ ಬಂದ ಮಾತನ್ನು ನುಂಗಿದೆ. ಹಾಗೆ ಹೇಳಿ, ಅದು ವಕೀಲರ ಕಿವಿಗೆ ಬಿದ್ದು, ದುಭಾಷಿ ಪಕ್ಷ ವಹಿಸಿದಳೆಂದು ಇಡೀ ವಿಚಾರಣೆಯೇ ಹೋದರೆ? ಹೊಸ ಮಕ್ಕಳೇ, ನಮ್ಮ ಕೆಲಸದಲ್ಲಿ ಮಾತಾಡುವುದಕ್ಕಿಂತ ಹೆಚ್ಚು ಬೆವರು ಇಳಿಯುವುದು ಸುಮ್ಮನಿರುವಾಗ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ದಾರ ಎದ್ದಿತ್ತು.

ಜವಾನ ಬಾಗಿಲು ತೆರೆದು ಹೆಸರು ಕೂಗಿದ. ಒಳಗೆ ಹೋದೆವು. ಹಿರಿಯರು ಕಣ್ಣು ತೆರೆದೇ ಕೂತಿದ್ದರು.

ವಕೀಲರು ಎದ್ದು, "ನಮ್ಮ ಕಕ್ಷಿಗಾರರು ಆಣೆಯ ಬೇಡಿಕೆಗೆ ಬದ್ಧರಾಗಿದ್ದಾರೆ," ಎಂದು ಶುರುಮಾಡಿದರು. ಹಿಂದಿನಿಂದ ಸದಾನಂದಣ್ಣ ಅವರ ಕಪ್ಪು ಗೌನಿನ ತೋಳನ್ನು ಹಿಡಿದು ಎಳೆದರು. ವಕೀಲರು ಕೈ ಬಿಡಿಸಿಕೊಂಡು ಮುಂದುವರಿಸಿದರು. ಮತ್ತೊಮ್ಮೆ ಎಳೆದರು. ಆಮೇಲೆ ವಕೀಲರನ್ನು ದಾಟಿ ಮುಂದೆ ಬಂದು, ನನ್ನ ಸಹಾಯಕ್ಕೂ ಕಾಯದೆ, ತಮ್ಮ ಗ್ಯಾರೇಜಿನ ಅರಬಿಯಲ್ಲೇ ಕೂಗಿದರು:

"ಮಾ ಫೀ ಯಮೀನ್! ಖಲಾಸ್!"

ಆಣೆ ಇಲ್ಲ, ಮುಗಿಯಿತು. ಕಿರಿಯ ನ್ಯಾಯಾಧೀಶರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಹಿರಿಯರು ನಗಲಿಲ್ಲ. ನನ್ನ ಮೂಲಕ ಸರಿಯಾಗಿ ಕೇಳಿದರು: ಯೋಚಿಸಿ ಹೇಳುತ್ತಿದ್ದೀರಾ, ಇದರಿಂದ ನಿಮಗೆ ನಷ್ಟವಾಗಬಹುದು ಎಂದು ಗೊತ್ತಿದೆಯಾ? ಗೊತ್ತಿದೆ ಎಂದರು ಸದಾನಂದಣ್ಣ. ಆಣೆಗೆ ಕರೆದದ್ದನ್ನು ಹಿಂದೆ ಪಡೆಯಲಾಗಿದೆ ಎಂದು ಗುಮಾಸ್ತ ಬರೆದುಕೊಂಡ. ತೀರ್ಪಿಗೆ ಬೇರೊಂದು ದಿನ ಕೊಟ್ಟರು. ಅದು ಎಲ್ಲರೂ ಎಣಿಸಿದ ಹಾಗೆಯೇ ಬಂತು: ಸಾಕ್ಷಿಯಿಲ್ಲ, ಮೇಲ್ಮನವಿ ವಜಾ, ನಾಗೇಶ ಎಲ್ಲಿ ಬೇಕಾದರೂ ಹೋಗಬಹುದು.

ಅಂದು ಕಾರಿಡಾರಿಗೆ ಬಂದ ಕೂಡಲೇ ವಕೀಲರು ಸಿಡಿದರು. ಹಿಂದಿಯಲ್ಲಿ, "ನೀವೇ ಕೇಸನ್ನು ಕೈಯಾರೆ ಕೊಂದಿರಿ," ಎಂದರು.

"ಹೋಗ್ಲಿ ಬಿಡಿ ವಕೀಲ್ ಸಾಬ್," ಎಂದರು ಸದಾನಂದಣ್ಣ. "ಹುಡುಗಿಗೆ ಏಳು ತಿಂಗಳು."

ಅದು ಕೇಸು ಬಿಡಲು ಕಾರಣವೆಂದು ವಕೀಲರಿಗೆ ಅನಿಸಲಿಲ್ಲ. ಚೀಲ ಎತ್ತಿಕೊಂಡು ಹೋದರು. ಸದಾನಂದಣ್ಣ ಬೆಂಚಿನ ಮೇಲೆ ಕುಕ್ಕರಿಸಿದ ಹಾಗೆ ಕೂತರು. ಜವಾನನ ಮೇಜಿನ ಮೇಲಿದ್ದ ನೀರಿನ ಬಾಟ್ಲಿಯೊಂದನ್ನು ಕೇಳಿ ತೆಗೆದುಕೊಂಡು, ಮುಚ್ಚಳ ತಿರುಗಿಸಿ, ತಲೆ ಹಿಂದೆ ಹಾಕಿ ಎತ್ತಿ ಕುಡಿದರು. ಅರ್ಧ ಉಳಿದ ಬಾಟ್ಲಿಯನ್ನು, ನೋಡದೆಯೇ, ನಾಗೇಶನ ಕಡೆ ಚಾಚಿದರು.

"ತಗೊ."

ನಾಗೇಶ ಕೈ ಚಾಚಲಿಲ್ಲ. ನನ್ನನ್ನು ನೋಡಿದ.

"ಅಕ್ಕ, ಕರೆದದ್ದು ಕರೆದದ್ದೇ ಅಲ್ವಾ? ಆಣೆ ಬಿದ್ದ ಹಾಗೆ ಆಗ್ಲಿಲ್ಲ ತಾನೇ?"

ವಿಚಾರಣೆ ಮುಗಿದಿತ್ತು, ಇನ್ನು ನಾನು ಮಾತಾಡಬಹುದಿತ್ತು. ಆದರೂ ಒಂದು ಕ್ಷಣ ಹೆದರಿಕೆಯಾಯಿತು. ಕೋರ್ಟಿನ ಮಾತಾದರೆ ನನಗೆ ಗೊತ್ತು. ದೈವದ ಮಾತು ನಾನು ಹೇಗೆ ಹೇಳಲಿ? ಆದರೆ ಬಾಟ್ಲಿ ಹಿಡಿದ ಸದಾನಂದಣ್ಣನ ಕೈ ಹಾಗೆಯೇ ಚಾಚಿಕೊಂಡಿತ್ತು. ಅವರೂ ನನ್ನ ಉತ್ತರಕ್ಕೇ ಕಾಯುತ್ತಿದ್ದಾರೆ ಎಂದು ಆಗ ತಿಳಿಯಿತು.

"ನೀನು ಒಪ್ಪಲಿಲ್ಲ, ಅವರು ಹಿಂದೆ ತಗೊಂಡ್ರು," ಎಂದೆ. "ಯಾರೂ ದೇವರ ಹೆಸರು ಎತ್ತಲಿಲ್ಲ. ಬಿದ್ದಿಲ್ಲ. ಕುಡಿ."

ನಾಗೇಶ ಬಾಟ್ಲಿ ತೆಗೆದುಕೊಂಡು ಎತ್ತಿ ಕುಡಿದ. ನೀರು ಗಲ್ಲದ ಮೇಲಿಂದ ಅಂಗಿಗೆ ಇಳಿಯಿತು.

"ಕಂಪ್ರೆಸರ್ ಮಾತ್ರ ನೀನು ಕೊಡ್ಲಿಲ್ಲ," ಎಂದರು ಸದಾನಂದಣ್ಣ.

"ಕೊಟ್ಟಿದ್ದೇನೆ ಭಾವ."

"ಇಲ್ಲ."

"ಕೊಟ್ಟಿದ್ದೇನೆ."

"ಸಾಕು, ಎಲ್ಲ ನೀನೇ ಮುಗಿಸ್ಬೇಡ. ಇಲ್ಲಿ ಕೊಡು," ಎಂದು ಬಾಟ್ಲಿ ಕಸಿದುಕೊಂಡು, ತಳದಲ್ಲಿ ಉಳಿದದ್ದನ್ನು ಸದಾನಂದಣ್ಣ ತಾವೇ ಕುಡಿದರು.